ಬೇಡಿಕೆ, ತೀರ್ಮಾನ, ಸರಕು: ಎನ್‌ಪಿಎಂ ಇನ್‌ಸ್ಟಾಲ್ ಹೊಡೆದಾಗ ನಡೆಯುವುದೇನು

ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ಗೆ ಪ್ಯಾಕೇಜ್ ಅನ್ನುತ್ತಾರೆ, ಅದನ್ನು ಜಾವಾಸ್ಕ್ರಿಪ್ಟ್ ಪ್ರಾಜೆಕ್ಟ್‌ಗೆ ತಂದುಕೊಡುವ ಟೂಲ್ ಎನ್‌ಪಿಎಂ. ಅಂಥ ಪ್ರಾಜೆಕ್ಟ್‌ನಲ್ಲಿ ಏನೋ ಕೆಟ್ಟಿದೆ ಅಂದ ಕೂಡಲೇ ಸಿಗುವ ಸಲಹೆ ಒಂದೇ. ನೋಡ್ ಮಾಡ್ಯೂಲ್ಸ್ ಫೋಲ್ಡರ್ ಅಳಿಸಿ, ಲಾಕ್ ಫೈಲ್ ಅಳಿಸಿ, ಮತ್ತೆ ಇನ್‌ಸ್ಟಾಲ್ ಹೊಡೆಯಿರಿ. ಎಷ್ಟೋ ಸಲ ಇದರಿಂದ ಕೆಲಸವೂ ಆಗಿಬಿಡುತ್ತದೆ, ಅದಕ್ಕೇ ಈ ಸಲಹೆ ಇನ್ನೂ ಬದುಕಿದೆ. ಆದರೆ ಇದರೊಳಗೆ ಎರಡು ಬೇರೆ ಬೇರೆ ಕೆಲಸಗಳಿವೆ. ಮೊದಲನೆಯದರಿಂದ ಏನೂ ನಷ್ಟವಿಲ್ಲ. ಎರಡನೆಯದು ಇಲ್ಲಿಯತನಕ ಸರಿಯಾಗಿ ಓಡುತ್ತಿದ್ದ ವರ್ಷನ್‌ಗಳು ಯಾವುವು ಅನ್ನುವ ದಾಖಲೆಯನ್ನೇ ಒರೆಸಿ ಹಾಕುತ್ತದೆ. ಈ ವ್ಯತ್ಯಾಸ ಹಿಡಿದರೆ ಎನ್‌ಪಿಎಂನ ಮುಕ್ಕಾಲು ಪಾಲು ಗೊಂದಲ ತಾನಾಗಿ ಕರಗುತ್ತದೆ.

ಯಾವುದೇ ಪ್ರಾಜೆಕ್ಟ್‌ನಲ್ಲಿ ಮೂರು ವಸ್ತುಗಳಿರುತ್ತವೆ. ಪ್ಯಾಕೇಜ್ ಡಾಟ್ ಜೇಸನ್ ಅನ್ನುವುದು ನಿಮ್ಮ ಬೇಡಿಕೆ: ನನಗೆ ಇಂಥ ಪ್ಯಾಕೇಜ್ ಬೇಕು, ಸುಮಾರಾಗಿ ಇಂಥ ವರ್ಷನ್ ಆದರೆ ಸಾಕು. ಪ್ಯಾಕೇಜ್ ಲಾಕ್ ಡಾಟ್ ಜೇಸನ್ ಅನ್ನುವುದು ತೀರ್ಮಾನ: ಆ ಬೇಡಿಕೆಗಳನ್ನೆಲ್ಲ ಒಟ್ಟಿಗೆ ನೋಡಿ, ಖಚಿತವಾಗಿ ಯಾವ ಪ್ಯಾಕೇಜ್‌ನ ಯಾವ ವರ್ಷನ್ ಅಂತ ಎನ್‌ಪಿಎಂ ಒಮ್ಮೆ ಲೆಕ್ಕ ಹಾಕಿ ಬರೆದಿಟ್ಟಿದ್ದು. ನೋಡ್ ಮಾಡ್ಯೂಲ್ಸ್ ಫೋಲ್ಡರ್ ಅನ್ನುವುದು ಸರಕು: ಆ ತೀರ್ಮಾನದಂತೆ ಡೌನ್‌ಲೋಡ್ ಆಗಿ ಡಿಸ್ಕ್ ಮೇಲೆ ಬಂದು ಬಿದ್ದ ಫೈಲ್‌ಗಳು. ಸರಕು ಹೋದರೆ ತೀರ್ಮಾನ ನೋಡಿ ಮತ್ತೆ ತರಿಸಬಹುದು. ತೀರ್ಮಾನ ಹೋದರೆ ಹೊಸದಾಗಿ ಲೆಕ್ಕ ಹಾಕಬೇಕು, ಇವತ್ತಿನ ಲೆಕ್ಕ ಆರು ತಿಂಗಳ ಹಿಂದಿನ ಲೆಕ್ಕದಂತೆ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಮೊದಲು ನೋಡ್

ಬ್ರೌಸರ್‌ನ ಹೊರಗೂ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ 2009ರಲ್ಲಿ ರಯಾನ್ ಡಾಲ್ ಕೈಯಿಂದ ಹೊರಬಂತು, ಮರುವರ್ಷ ಐಸಾಕ್ ಶ್ಲೂಟರ್ ಎನ್‌ಪಿಎಂ ಬರೆದರು. ಎನ್‌ಪಿಎಂ ಅಂದರೆ ಎರಡು ಸಂಗತಿಗಳು ಸೇರಿವೆ, ಇದನ್ನು ಬೇರೆ ಮಾಡಿಕೊಳ್ಳುವುದು ಒಳ್ಳೆಯದು. ಒಂದು, ನಿಮ್ಮ ಟರ್ಮಿನಲ್‌ನಲ್ಲಿ ಓಡುವ ಕಮಾಂಡ್. ಇನ್ನೊಂದು, ಪ್ಯಾಕೇಜ್‌ಗಳೆಲ್ಲ ಇರುವ ರಿಜಿಸ್ಟ್ರಿ, ಇದು 2020ರಿಂದ ಗಿಟ್‌ಹಬ್ ಕೈಯಲ್ಲಿದೆ. ಎನ್‌ಪಿಎಂ ಬದಲು ಇದೇ ಕೆಲಸ ಮಾಡುವ ಯಾರ್ನ್ ಬಳಸಿದರೂ ಪಿಎನ್‌ಪಿಎಂ ಬಳಸಿದರೂ ಬದಲಾಗುವುದು ಕಮಾಂಡ್ ಮಾತ್ರ, ಸಾಮಾನ್ಯವಾಗಿ ಪ್ಯಾಕೇಜ್ ಬರುವುದು ಅದೇ ರಿಜಿಸ್ಟ್ರಿಯಿಂದ.

ನೋಡ್ ಇನ್‌ಸ್ಟಾಲ್ ಮಾಡಲು ಅದರ ಸೈಟ್‌ನಿಂದ ಇನ್‌ಸ್ಟಾಲರ್ ಇಳಿಸಿಕೊಳ್ಳಬಹುದು, ತಪ್ಪೇನಿಲ್ಲ. ಆದರೆ ಸ್ವಲ್ಪ ದಿನದಲ್ಲೇ ಒಂದು ಪ್ರಾಜೆಕ್ಟ್‌ಗೆ ನೋಡ್ 18, ಇನ್ನೊಂದಕ್ಕೆ ನೋಡ್ 22 ಬೇಕು ಅನ್ನುವ ಪರಿಸ್ಥಿತಿ ಬಂದೇ ಬರುತ್ತದೆ. ಹಾಗಾಗಿ ಮೊದಲೇ ಎನ್‌ವಿಎಂ ಅಥವಾ ಎಫ್‌ಎನ್‌ಎಂ ಥರದ ವರ್ಷನ್ ಮ್ಯಾನೇಜರ್ ಹಾಕಿಕೊಳ್ಳುವುದೇ ಜಾಣತನ. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಡಾಟ್ ಎನ್‌ವಿಎಂಆರ್‌ಸಿ ಅಂತ ಒಂದು ಸಣ್ಣ ಫೈಲ್ ಇಟ್ಟು ಅದರಲ್ಲಿ 22 ಅಂತ ಬರೆದರೆ ಸಾಕು, ಆ ಪ್ರಾಜೆಕ್ಟ್‌ಗೆ ಬಂದವರಿಗೆಲ್ಲ ಯಾವ ನೋಡ್ ಅಂತ ಗೊತ್ತಾಗುತ್ತದೆ. ಯಾವ ವರ್ಷನ್ ಆರಿಸಬೇಕು? ದೀರ್ಘ ಕಾಲ ಬೆಂಬಲ ಸಿಗುವ ಎಲ್‌ಟಿಎಸ್ ವರ್ಷನ್. 18, 20, 22 ಹೀಗೆ ಸಮಸಂಖ್ಯೆಯವು ಎಲ್‌ಟಿಎಸ್ ಆಗುತ್ತಾ ಬಂದಿವೆ.

ವರ್ಷನ್ ಮ್ಯಾನೇಜರ್‌ನಿಂದ ಇನ್ನೊಂದು ಲಾಭ ಇದೆ. ಸಿಸ್ಟಂ ಫೋಲ್ಡರ್‌ನಲ್ಲಿ ನೋಡ್ ಕೂತಿದ್ದರೆ, ಲಿನಕ್ಸ್‌ನಲ್ಲೋ ಮ್ಯಾಕ್‌ನಲ್ಲೋ ಗ್ಲೋಬಲ್ ಆಗಿ, ಅಂದರೆ ಒಂದು ಪ್ರಾಜೆಕ್ಟ್‌ಗಲ್ಲದೆ ಇಡೀ ಕಂಪ್ಯೂಟರ್‌ಗೆ, ಏನಾದರೂ ಇನ್‌ಸ್ಟಾಲ್ ಮಾಡಲು ಹೋದಾಗ ಪರ್ಮಿಷನ್ ಇಲ್ಲ ಅಂತ ಎರರ್ ಬರುತ್ತದೆ. ಆಗ ಜನ ಮಾಡುವುದು ಕಮಾಂಡ್ ಮುಂದೆ ಸುಡೋ, ಅಂದರೆ ಅಡ್ಮಿನ್ ಅಧಿಕಾರದಿಂದ ಓಡಿಸು ಅನ್ನುವ ಪದ, ಸೇರಿಸುವುದು. ದಯವಿಟ್ಟು ಬೇಡ. ಯಾರೋ ಬರೆದ ಕೋಡ್‌ಗೆ ಇಡೀ ಕಂಪ್ಯೂಟರಿನ ಬೀಗದ ಕೈ ಕೊಟ್ಟ ಹಾಗೆ ಅದು. ವರ್ಷನ್ ಮ್ಯಾನೇಜರ್ ಎಲ್ಲವನ್ನೂ ನಿಮ್ಮ ಹೋಮ್ ಫೋಲ್ಡರ್ ಒಳಗೇ ಇಡುವುದರಿಂದ ಈ ತೊಂದರೆಯೇ ಹುಟ್ಟುವುದಿಲ್ಲ.

ಬೇಡಿಕೆಯ ಭಾಷೆ

ಒಂದು ಪ್ಯಾಕೇಜ್ ಇನ್‌ಸ್ಟಾಲ್ ಮಾಡಿದಾಗ ಪ್ಯಾಕೇಜ್ ಡಾಟ್ ಜೇಸನ್‌ನಲ್ಲಿ ^1.4.2 ಅಂತ ಒಂದು ಸಾಲು ಸೇರುತ್ತದೆ. ಇದರಲ್ಲಿ ಮೂರು ಅಂಕಿಗಳು. ಮೊದಲನೆಯದು ಬದಲಾದರೆ ಹಳೆ ಕೋಡ್ ಮುರಿಯಬಹುದು ಅಂತ ಅರ್ಥ. ನಡುವಿನದು ಬದಲಾದರೆ ಹೊಸ ಸೌಲಭ್ಯ ಬಂದಿದೆ, ಹಳೆಯದು ಹಾಗೇ ಇದೆ. ಕೊನೆಯದು ಬದಲಾದರೆ ಬರೀ ದೋಷ ಸರಿಪಡಿಸಿದ್ದಾರೆ. ಈ ಕಟ್ಟುಪಾಡಿಗೆ ಸೆಮ್‌ವರ್ ಅಂತ ಹೆಸರು.

ಮುಂದಿರುವ ^ ಗುರುತು ಕ್ಯಾರೆಟ್. ಅದು ಹೇಳುವುದು ಇಷ್ಟು: 1.4.2 ಅಥವಾ ಅದಕ್ಕಿಂತ ಹೊಸದು ಯಾವುದಾದರೂ ನಡೆಯುತ್ತದೆ, ಆದರೆ 2.0.0 ಮುಟ್ಟಬಾರದು. ~ ಗುರುತು ಇದ್ದರೆ ಇನ್ನೂ ಬಿಗಿ, 1.5.0ಕ್ಕಿಂತ ಕೆಳಗೇ ಇರಬೇಕು. ಗುರುತೇ ಇಲ್ಲದಿದ್ದರೆ ಅದೊಂದೇ ವರ್ಷನ್. ಇಲ್ಲಿ ಬಹಳ ಜನ ಎಡವುವ ಜಾಗ ಸೊನ್ನೆಯಿಂದ ಶುರುವಾಗುವ ವರ್ಷನ್‌ಗಳು. ^0.4.2 ಅಂದರೆ 0.5.0 ಕೂಡ ಬರುವುದಿಲ್ಲ, ಯಾಕೆಂದರೆ ಸೊನ್ನೆ ಇರುವತನಕ ಪ್ಯಾಕೇಜ್ ಇನ್ನೂ ಹದಕ್ಕೆ ಬಂದಿಲ್ಲ, ನಡುವಿನ ಅಂಕಿ ಬದಲಾದರೂ ಮುರಿಯಬಹುದು ಅನ್ನುವ ಲೆಕ್ಕ.

ಸೆಮ್‌ವರ್ ಬರೀ ಮಾತು ಕೊಟ್ಟ ಹಾಗೆ, ಅದನ್ನು ಯಾವ ಯಂತ್ರವೂ ಪರೀಕ್ಷೆ ಮಾಡುವುದಿಲ್ಲ. ಬರೆದವರು ಸಣ್ಣ ಬದಲಾವಣೆ ಅಂದುಕೊಂಡದ್ದು ನಿಮ್ಮ ಕೋಡ್‌ಗೆ ದೊಡ್ಡ ಬದಲಾವಣೆ ಆಗಿರಬಹುದು. ಜೊತೆಗೆ ನೀವು ಕೇಳಿದ ಪ್ಯಾಕೇಜ್ ತನ್ನದೇ ಡಿಪೆಂಡೆನ್ಸಿಗಳನ್ನು, ಅಂದರೆ ತಾನು ಓಡಲು ಬೇಕಾದ ಬೇರೆ ಪ್ಯಾಕೇಜ್‌ಗಳನ್ನು, ಕೇಳುತ್ತದೆ, ಅವು ಇನ್ನಷ್ಟನ್ನು, ಎಲ್ಲದರಲ್ಲೂ ಹೀಗೇ ಸಡಿಲ ಬೇಡಿಕೆಗಳು. ನೀವು ಹೆಸರು ಹಿಡಿದು ಕೇಳಿದ್ದು ಹತ್ತಿದ್ದರೆ ಫೋಲ್ಡರ್‌ಗೆ ಬಂದು ಬೀಳುವುದು ನೂರಾರು. ಇವತ್ತು ಲೆಕ್ಕ ಹಾಕಿದರೆ ಒಂದು ಉತ್ತರ, ನಾಳೆ ಯಾರೋ ಆಳದಲ್ಲಿರುವ ಒಂದು ಪುಟ್ಟ ಪ್ಯಾಕೇಜ್‌ನ ಹೊಸ ವರ್ಷನ್ ಬಿಟ್ಟರೆ ಇನ್ನೊಂದು ಉತ್ತರ. "ನನ್ನ ಕಂಪ್ಯೂಟರ್‌ನಲ್ಲಿ ಓಡುತ್ತೆ, ಸರ್ವರ್‌ನಲ್ಲಿ ಓಡಲ್ಲ" ಅನ್ನುವ ಗೋಳಿಗೆ ಒಂದು ಕಾಲದಲ್ಲಿ ಇದೇ ದೊಡ್ಡ ಕಾರಣವಾಗಿತ್ತು.

ತೀರ್ಮಾನವನ್ನು ಕಾಪಾಡಿಕೊಳ್ಳಿ

ಈ ಕಾಟಕ್ಕೇ ಫೇಸ್‌ಬುಕ್ 2016ರಲ್ಲಿ ಯಾರ್ನ್ ತಂದಿತು, ಅದರ ಜೊತೆ ಲಾಕ್ ಫೈಲ್ ಮೊದಲ ದಿನದಿಂದಲೇ ಬಂತು. ಮರುವರ್ಷ ಎನ್‌ಪಿಎಂ 5 ಕೂಡ ಪ್ಯಾಕೇಜ್ ಲಾಕ್ ಶುರು ಮಾಡಿತು. ಆ ಫೈಲ್ ತೆರೆದು ನೋಡಿ, ಹೆದರುವಷ್ಟೇನೂ ಇಲ್ಲ. ಪ್ರತಿ ಪ್ಯಾಕೇಜ್‌ಗೂ ಮೂರು ಮುಖ್ಯ ವಿಷಯ ಇರುತ್ತವೆ: ಖಚಿತ ವರ್ಷನ್, ಎಲ್ಲಿಂದ ಇಳಿಸಿದ್ದು ಅನ್ನುವ ವಿಳಾಸ, ಮತ್ತು ಇಂಟೆಗ್ರಿಟಿ ಅನ್ನುವ ಉದ್ದನೆಯ ಹ್ಯಾಶ್, ಅಂದರೆ ಫೈಲ್‌ನ ಒಳಗಿರುವುದರಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಗುರುತು. ಇಳಿಸಿದ ಫೈಲ್‌ನ ಹ್ಯಾಶ್ ಇದಕ್ಕೆ ತಾಳೆಯಾಗದಿದ್ದರೆ ಇನ್‌ಸ್ಟಾಲ್ ನಿಂತುಬಿಡುತ್ತದೆ. ಹಾಗಾಗಿ ದಾರಿಯಲ್ಲಿ ಯಾರಾದರೂ ಫೈಲ್ ಬದಲಿಸಿದರೆ ಸಿಕ್ಕಿಬೀಳುತ್ತಾರೆ.

ಲಾಕ್ ಫೈಲ್, ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ಗೆ ಹೋಗಲೇಬೇಕು. ನೋಡ್ ಮಾಡ್ಯೂಲ್ಸ್ ಗಿಟ್‌ಗೆ ಹೋಗಲೇಬಾರದು. ಇಷ್ಟು ಸರಳ ನಿಯಮವನ್ನೂ ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ತಿರುಗಾಮುರುಗಾ ಮಾಡಿಟ್ಟಿರುತ್ತಾರೆ. ಎರಡು ಬ್ರಾಂಚ್ ಸೇರಿಸುವಾಗ ಲಾಕ್ ಫೈಲ್‌ನಲ್ಲಿ ಕಾನ್‌ಫ್ಲಿಕ್ಟ್ ಬಂದರೆ ಸಾವಿರಾರು ಸಾಲುಗಳನ್ನು ಕೈಯಿಂದ ಸರಿಪಡಿಸಲು ಕೂರಬೇಡಿ. ಪ್ಯಾಕೇಜ್ ಡಾಟ್ ಜೇಸನ್‌ನ ಕಾನ್‌ಫ್ಲಿಕ್ಟ್ ಮಾತ್ರ ನೀವು ಬಗೆಹರಿಸಿ, ಆಮೇಲೆ ಎನ್‌ಪಿಎಂ ಇನ್‌ಸ್ಟಾಲ್ ಕೊಡಿ, ಲಾಕ್ ಫೈಲ್‌ನ ಕಾನ್‌ಫ್ಲಿಕ್ಟ್ ಅದೇ ಸರಿಮಾಡುತ್ತದೆ.

ಈಗ ಎರಡು ಕಮಾಂಡ್‌ಗಳ ವ್ಯತ್ಯಾಸ. ಎನ್‌ಪಿಎಂ ಇನ್‌ಸ್ಟಾಲ್ ಅಂದರೆ ಅದು ಬೇಡಿಕೆಯನ್ನೂ ತೀರ್ಮಾನವನ್ನೂ ಎರಡನ್ನೂ ನೋಡುತ್ತದೆ, ತಾಳೆಯಾದರೆ ಲಾಕ್‌ನಲ್ಲಿ ಇದ್ದದ್ದನ್ನೇ ತರುತ್ತದೆ, ತಾಳೆಯಾಗದಿದ್ದರೆ ಸದ್ದಿಲ್ಲದೆ ಲಾಕ್ ಫೈಲನ್ನು ತಿದ್ದುತ್ತದೆ. ಎನ್‌ಪಿಎಂ ಸಿಐ ಹಾಗಲ್ಲ. ಅದು ಇರುವ ನೋಡ್ ಮಾಡ್ಯೂಲ್ಸ್ ಅಳಿಸಿ, ಲಾಕ್‌ನಲ್ಲಿ ಬರೆದದ್ದನ್ನು ಮಾತ್ರ ತಂದು ಹಾಕುತ್ತದೆ, ಎರಡು ಫೈಲ್ ತಾಳೆಯಾಗದಿದ್ದರೆ ಎರರ್ ಕೊಟ್ಟು ನಿಲ್ಲುತ್ತದೆ. ಸರ್ವರ್‌ನಲ್ಲಿ, ಟೆಸ್ಟ್ ಓಡಿಸುವ ಯಂತ್ರದಲ್ಲಿ ಯಾವಾಗಲೂ ಇದೇ ಇರಬೇಕು. ಮೊದಲು ಹೇಳಿದ ಆ ಸಲಹೆ ಪಾಲಿಸಬೇಕು ಅನ್ನಿಸಿದಾಗಲೂ ಲಾಕ್ ಫೈಲ್ ಮುಟ್ಟದೆ ಎನ್‌ಪಿಎಂ ಸಿಐ ಕೊಟ್ಟು ನೋಡಿ. ಸರಕಷ್ಟೇ ಕೆಟ್ಟಿದ್ದರೆ ಅಲ್ಲಿಗೆ ಸರಿಹೋಗುತ್ತದೆ.

ಸರಕು ಇಡುವ ರೀತಿ

ನೋಡ್ ಮಾಡ್ಯೂಲ್ಸ್ ಎಷ್ಟು ದಪ್ಪ ಅನ್ನುವ ಬಗ್ಗೆ ಜೋಕುಗಳು ಬೇಕಾದಷ್ಟಿವೆ, ಅದು ಯಾಕೆ ಹಾಗೆ ಅನ್ನುವುದು ಅದಕ್ಕಿಂತ ಸ್ವಾರಸ್ಯ. ಹಳೆಯ ಎನ್‌ಪಿಎಂನಲ್ಲಿ ಪ್ರತಿ ಪ್ಯಾಕೇಜ್‌ನ ಡಿಪೆಂಡೆನ್ಸಿಗಳು ಅದರೊಳಗೇ ಇನ್ನೊಂದು ನೋಡ್ ಮಾಡ್ಯೂಲ್ಸ್ ಆಗಿ ಕೂರುತ್ತಿದ್ದವು, ಅವುಗಳವು ಅವುಗಳೊಳಗೆ, ಹೀಗೆ ಆಳಕ್ಕೆ ಇಳಿಯುತ್ತಾ ಹೋಗಿ ವಿಂಡೋಸ್‌ನಲ್ಲಿ ಫೈಲ್ ವಿಳಾಸದ ಉದ್ದಕ್ಕೆ ಇದ್ದ 260 ಅಕ್ಷರಗಳ ಮಿತಿ ದಾಟಿ, ಫೋಲ್ಡರ್ ಅಳಿಸಲೂ ಆಗದ ಸ್ಥಿತಿ ಬರುತ್ತಿತ್ತು. 2015ರಲ್ಲಿ ಎನ್‌ಪಿಎಂ 3 ಬಂದು ಎಲ್ಲವನ್ನೂ ಸಾಧ್ಯವಾದಷ್ಟು ಮೇಲಿನ ಒಂದೇ ಮಟ್ಟಕ್ಕೆ ಎಳೆದು ಹರಡಿತು. ಒಂದೇ ಪ್ಯಾಕೇಜ್‌ನ ಎರಡು ಬೇರೆ ವರ್ಷನ್ ಬೇಕಾದರೆ ಮಾತ್ರ ಒಂದು ಒಳಗೆ ಹೋಗುತ್ತದೆ.

ಹರಡಿದ್ದರಿಂದ ಹೊಸ ಪೇಚು ಹುಟ್ಟಿತು. ನೀವು ಕೇಳದೇ ಇದ್ದ ಪ್ಯಾಕೇಜ್ ಕೂಡ ಮೇಲಿನ ಮಟ್ಟದಲ್ಲಿ ಕಾಣುತ್ತದೆ, ಅದನ್ನು ಇಂಪೋರ್ಟ್ ಮಾಡಿದರೆ ಆರಾಮಾಗಿ ಓಡುತ್ತದೆ. ಬೇಡಿಕೆ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಒಂದು ದಿನ ಅದನ್ನು ತಂದಿದ್ದ ಪ್ಯಾಕೇಜ್ ತನ್ನ ಡಿಪೆಂಡೆನ್ಸಿ ಬದಲಿಸುತ್ತದೆ, ನಿಮ್ಮ ಕೋಡ್ ಕಾರಣವೇ ಇಲ್ಲದೆ ಬಿದ್ದ ಹಾಗೆ ಕಾಣುತ್ತದೆ. ಇವಕ್ಕೆ ಫ್ಯಾಂಟಮ್ ಡಿಪೆಂಡೆನ್ಸಿ ಅನ್ನುತ್ತಾರೆ.

ಪಿಎನ್‌ಪಿಎಂ ನನಗೆ ಇಷ್ಟವಾಗುವುದು ಇಲ್ಲೇ. ಅದು ಕಂಪ್ಯೂಟರ್‌ನಲ್ಲಿ ಒಂದು ಸ್ಟೋರ್ ಇಟ್ಟುಕೊಂಡು, ಪ್ರತಿ ಫೈಲನ್ನು ಒಂದೇ ಸಲ ಅಲ್ಲಿ ಉಳಿಸಿ, ಪ್ರಾಜೆಕ್ಟ್‌ಗಳಿಗೆ ಬರೀ ಹಾರ್ಡ್ ಲಿಂಕ್, ಅಂದರೆ ಅದೇ ಫೈಲ್‌ಗೆ ಇನ್ನೊಂದು ಹೆಸರು, ಕೊಡುತ್ತದೆ. ಹತ್ತು ಪ್ರಾಜೆಕ್ಟ್‌ಗಳಲ್ಲಿ ವೆಬ್ ಪೇಜ್ ಕಟ್ಟುವ ರಿಯಾಕ್ಟ್ ಲೈಬ್ರರಿಯ ಅದೇ ವರ್ಷನ್ ಇದ್ದರೂ ಡಿಸ್ಕ್ ಮೇಲೆ ಒಂದೇ ಪ್ರತಿ. ಮತ್ತೆ ನೋಡ್ ಮಾಡ್ಯೂಲ್ಸ್‌ನ ಮೇಲಿನ ಮಟ್ಟದಲ್ಲಿ ನೀವು ಹೆಸರು ಹಿಡಿದು ಕೇಳಿದ್ದು ಮಾತ್ರ ಕಾಣುತ್ತದೆ, ಉಳಿದದ್ದು ಒಳಗಿನ ಮರೆಯಾದ ಫೋಲ್ಡರ್‌ನಲ್ಲಿ. ಕೇಳದ ಪ್ಯಾಕೇಜ್ ಇಂಪೋರ್ಟ್ ಮಾಡಿದರೆ ಅಲ್ಲೇ ಎರರ್. ಮೊದಮೊದಲು ಕಿರಿಕಿರಿ ಅನ್ನಿಸಬಹುದು, ಆದರೆ ಆ ಎರರ್ ಇವತ್ತೇ ಬರುವುದು ಒಳ್ಳೆಯದಲ್ವಾ?

ಬನ್ ಅಂತ ಇನ್ನೊಂದಿದೆ, 2023ರಲ್ಲಿ ಅದರ 1.0 ಬಂತು, ಇನ್‌ಸ್ಟಾಲ್ ಬಹಳ ವೇಗ. ಯಾವುದು ಬಳಸಬೇಕು ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಹೊಸ ಪ್ರಾಜೆಕ್ಟ್ ಆದರೆ ಪಿಎನ್‌ಪಿಎಂ ಅನ್ನುತ್ತೇನೆ, ಇರುವ ಪ್ರಾಜೆಕ್ಟ್ ಆದರೆ ಅಲ್ಲಿ ಯಾವ ಲಾಕ್ ಫೈಲ್ ಇದೆಯೋ ಅದರದೇ ಕಮಾಂಡ್. ಒಂದೇ ಪ್ರಾಜೆಕ್ಟ್‌ನಲ್ಲಿ ಎರಡು ಲಾಕ್ ಫೈಲ್ ಕಂಡರೆ ಯಾರೋ ಗಮನಿಸದೆ ಬೇರೆ ಕಮಾಂಡ್ ಹೊಡೆದಿದ್ದಾರೆ ಅಂತಲೇ ಅರ್ಥ. ತಂಡ ಬಳಸುವುದನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆಯಿರಿ.

ಟೂಲ್‌ಗಳು ಎಲ್ಲಿ ಇರಬೇಕು

ಇಎಸ್‌ಲಿಂಟ್, ಪ್ರೆಟಿಯರ್, ಟೈಪ್‌ಸ್ಕ್ರಿಪ್ಟ್, ವೀಟ್ ಇವೆಲ್ಲ ಕೋಡ್ ಬರೆಯುವಾಗ ಬೇಕಾದವು, ಸರ್ವರ್‌ನಲ್ಲಿ ಆಪ್ ಓಡುವಾಗ ಬೇಡ. ಇಂಥವನ್ನು ಇನ್‌ಸ್ಟಾಲ್ ಮಾಡುವಾಗ ಸೇವ್ ಡೆವ್ ಆಯ್ಕೆ ಕೊಟ್ಟರೆ ಡೆವ್ ಡಿಪೆಂಡೆನ್ಸಿ ಪಟ್ಟಿಗೆ ಹೋಗುತ್ತವೆ, ಸರ್ವರ್‌ನಲ್ಲಿ ಇನ್‌ಸ್ಟಾಲ್ ಮಾಡುವಾಗ ಅವನ್ನು ಬಿಟ್ಟುಬಿಡಬಹುದು. ಬ್ರೌಸರ್‌ಗೆ ಹೋಗುವ ಕೋಡ್‌ನಲ್ಲಿ ಮಾತ್ರ ಈ ಪಟ್ಟಿಯಿಂದ ಏನೂ ಬದಲಾಗುವುದಿಲ್ಲ. ಕೋಡ್ ಫೈಲ್‌ಗಳನ್ನು ಬ್ರೌಸರ್‌ಗಾಗಿ ಒಟ್ಟುಗೂಡಿಸುವ ಬಂಡ್ಲರ್ ನೋಡುವುದು ನೀವು ಏನನ್ನು ಇಂಪೋರ್ಟ್ ಮಾಡಿದ್ದೀರಿ ಅನ್ನುವುದನ್ನು, ಅದು ಯಾವ ಪಟ್ಟಿಯಲ್ಲಿದೆ ಅನ್ನುವುದನ್ನಲ್ಲ.

ಟೂಲ್‌ಗಳನ್ನು ಗ್ಲೋಬಲ್ ಆಗಿ ಹಾಕುವ ಅಭ್ಯಾಸ ಬಿಡುವುದು ಒಳ್ಳೆಯದು. ನಿಮ್ಮಲ್ಲಿ ಟೈಪ್‌ಸ್ಕ್ರಿಪ್ಟ್‌ನ ಒಂದು ವರ್ಷನ್, ಜೊತೆಗಾರರಲ್ಲಿ ಇನ್ನೊಂದು, ಎರರ್‌ಗಳು ಬೇರೆ ಬೇರೆ, ಸುಮ್ನೆ ಕಾಲಹರಣ. ಪ್ರಾಜೆಕ್ಟ್ ಒಳಗೇ ಹಾಕಿ, ಪ್ಯಾಕೇಜ್ ಡಾಟ್ ಜೇಸನ್‌ನ ಸ್ಕ್ರಿಪ್ಟ್ಸ್ ಭಾಗದಲ್ಲಿ ಅದಕ್ಕೊಂದು ಹೆಸರು ಕೊಡಿ, ಎನ್‌ಪಿಎಂ ರನ್ ಮುಂದೆ ಆ ಹೆಸರು ಹಾಕಿ ಓಡಿಸಿ. ಸ್ಕ್ರಿಪ್ಟ್ ಓಡುವಾಗ ಎನ್‌ಪಿಎಂ ಮೊದಲು ಪ್ರಾಜೆಕ್ಟ್‌ನ ನೋಡ್ ಮಾಡ್ಯೂಲ್ಸ್ ಒಳಗಿನ ಬಿನ್ ಫೋಲ್ಡರ್‌ನಲ್ಲೇ ಹುಡುಕುತ್ತದೆ, ಹಾಗಾಗಿ ಎಲ್ಲರಿಗೂ ಒಂದೇ ವರ್ಷನ್. ಒಂದೇ ಸಲ ಬೇಕಾದ ಟೂಲನ್ನು ಪ್ರಾಜೆಕ್ಟ್‌ಗೆ ಸೇರಿಸದೆ ಓಡಿಸಲು ಎನ್‌ಪಿಎಕ್ಸ್ ಕಮಾಂಡ್ ಇದೆ. ಹೆಸರು ಟೈಪ್ ಮಾಡುವಾಗ ಮಾತ್ರ ಅಕ್ಷರ ನೋಡಿಕೊಳ್ಳಿ. ತಪ್ಪು ಸ್ಪೆಲಿಂಗ್‌ನ ಹೆಸರಲ್ಲೇ ಕೆಟ್ಟ ಪ್ಯಾಕೇಜ್ ಇಟ್ಟು ಕಾಯುವವರಿದ್ದಾರೆ.

ಪೀರ್ ಡಿಪೆಂಡೆನ್ಸಿ ಅನ್ನುವುದು ಮೂರನೆಯ ಪಟ್ಟಿ, ಜಾಸ್ತಿ ಜನ ಬೈಯುವುದೂ ಇದನ್ನೇ. ಒಂದು ರಿಯಾಕ್ಟ್ ಲೈಬ್ರರಿ ತನ್ನದೇ ರಿಯಾಕ್ಟ್ ತಂದರೆ ಪೇಜಿನಲ್ಲಿ ಎರಡು ರಿಯಾಕ್ಟ್ ಆಗಿ ಎಲ್ಲ ಎಡವಟ್ಟಾಗುತ್ತದೆ. ಅದಕ್ಕೆ ಅದು, ನಾನು ತರುವುದಿಲ್ಲ, ನಿಮ್ಮಲ್ಲಿರುವುದನ್ನೇ ಬಳಸುತ್ತೇನೆ, ಆದರೆ 18ನೇ ವರ್ಷನ್ ಆಗಿರಬೇಕು ಅನ್ನುತ್ತದೆ. ನಿಮ್ಮಲ್ಲಿ 19 ಇದ್ದರೆ 2020ರಲ್ಲಿ ಬಂದ ಎನ್‌ಪಿಎಂ 7ರಿಂದ ಈಚೆಗೆ ಇನ್‌ಸ್ಟಾಲ್ ನಿಂತು, ಉದ್ದನೆಯ ಇರಿಸಾಲ್ವ್ ಎರರ್ ಬರುತ್ತದೆ. ಲೆಗಸಿ ಪೀರ್ ಡೆಪ್ಸ್ ಆಯ್ಕೆ ಹಾಕಿದರೆ ಎರರ್ ಮಾಯವಾಗುತ್ತದೆ, ಹೊಂದಾಣಿಕೆ ಆಗದಿರುವುದು ಹಾಗೇ ಉಳಿಯುತ್ತದೆ. ಮೊದಲು ಎರರ್ ಓದಿ, ಯಾರು ಯಾರನ್ನು ಕೇಳುತ್ತಿದ್ದಾರೆ ಅಂತ ಅದರಲ್ಲೇ ಬರೆದಿರುತ್ತದೆ. ಯಾವುದೇ ಪ್ಯಾಕೇಜ್ ಯಾಕೆ ಬಂತು ಅಂತ ತಿಳಿಯಲು ಎನ್‌ಪಿಎಂ ಎಕ್ಸ್‌ಪ್ಲೇನ್ ಕಮಾಂಡ್ ಇದೆ. ಆ ಲೈಬ್ರರಿಗೆ ಹೊಸ ವರ್ಷನ್ ಬಂದಿದೆಯಾ ನೋಡಿ. ಬಂದಿಲ್ಲದಿದ್ದರೆ, ಪರೀಕ್ಷಿಸಿ ನೋಡಿದ ಮೇಲೆ, ನಿಮ್ಮಲ್ಲಿರುವ ವರ್ಷನ್ನೇ ಸಾಕು ಅಂತ ಪ್ಯಾಕೇಜ್ ಡಾಟ್ ಜೇಸನ್‌ನ ಓವರ್‌ರೈಡ್ಸ್ ಭಾಗದಲ್ಲಿ ಬರೆದು ಹಾಕಬಹುದು. ಅದಾದರೆ ಫೈಲ್‌ನಲ್ಲಿ ಎಲ್ಲರ ಕಣ್ಣಿಗೂ ಕಾಣುತ್ತದೆ.

ನಂಬಿಕೆ ಎಷ್ಟು

2016ರ ಮಾರ್ಚ್‌ನಲ್ಲಿ ಪದದ ಎಡಕ್ಕೆ ಖಾಲಿ ಜಾಗ ತುಂಬಿಸುವ, ಲೆಫ್ಟ್ ಪ್ಯಾಡ್ ಅನ್ನುವ 11 ಸಾಲಿನ ಪ್ಯಾಕೇಜನ್ನು ಅದರ ಲೇಖಕರು, ಬೇರೊಂದು ಪ್ಯಾಕೇಜ್‌ನ ಹೆಸರಿನ ತಕರಾರಿಗೆ ಬೇಸತ್ತು, ರಿಜಿಸ್ಟ್ರಿಯಿಂದ ತೆಗೆದುಬಿಟ್ಟರು. ಬೇಬಲ್ ಸೇರಿದಂತೆ ಲೆಕ್ಕವಿಲ್ಲದಷ್ಟು ಪ್ರಾಜೆಕ್ಟ್‌ಗಳ ಬಿಲ್ಡ್ ನಿಂತುಹೋಯಿತು. ಎನ್‌ಪಿಎಂ ಕೆಲವೇ ಗಂಟೆಗಳಲ್ಲಿ ಅದನ್ನು ಮರಳಿ ತಂದಿತು, ಆಮೇಲೆ ಪ್ಯಾಕೇಜ್ ಹಿಂತೆಗೆಯುವ ನಿಯಮವನ್ನೂ ಬಿಗಿ ಮಾಡಿತು. ಆ ಪ್ಯಾಕೇಜ್ ಮಾಡುತ್ತಿದ್ದ ಕೆಲಸಕ್ಕೆ ಮರುವರ್ಷ ಭಾಷೆಯಲ್ಲೇ ಪ್ಯಾಡ್‌ಸ್ಟಾರ್ಟ್ ಬಂತು.

ಅದು ಬರೀ ಅಡಚಣೆ. ಆಮೇಲಿನವು ದಾಳಿಗಳು. 2018ರಲ್ಲಿ ಇವೆಂಟ್ ಸ್ಟ್ರೀಮ್ ಪ್ಯಾಕೇಜನ್ನು ನೋಡಿಕೊಳ್ಳುತ್ತೇನೆ ಅಂತ ಮುಂದೆ ಬಂದ ಅಪರಿಚಿತರೊಬ್ಬರಿಗೆ ಮೂಲ ಲೇಖಕರು ಅದನ್ನು ಒಪ್ಪಿಸಿದರು, ಅವರು ಒಂದು ಹೊಸ ಡಿಪೆಂಡೆನ್ಸಿ ಸೇರಿಸಿ, ಅದರೊಳಗೆ ಒಂದು ಬಿಟ್‌ಕಾಯಿನ್ ವಾಲೆಟ್‌ನಿಂದ ಹಣ ಕದಿಯುವ ಕೋಡ್ ಅಡಗಿಸಿಟ್ಟರು. 2025ರ ಸೆಪ್ಟೆಂಬರ್‌ನಲ್ಲಿ ಮೋಸದ ಇಮೇಲ್‌ನಿಂದ ಒಬ್ಬ ಲೇಖಕರ ಖಾತೆ ಕೈತಪ್ಪಿ, ಚಾಕ್, ಡೀಬಗ್ ಥರದ, ಎಲ್ಲ ಸೇರಿ ವಾರಕ್ಕೆ 200 ಕೋಟಿಗೂ ಹೆಚ್ಚು ಸಲ ಡೌನ್‌ಲೋಡ್ ಆಗುವ ಪ್ಯಾಕೇಜ್‌ಗಳ ಕೆಟ್ಟ ವರ್ಷನ್ ಕೆಲವು ಗಂಟೆ ರಿಜಿಸ್ಟ್ರಿಯಲ್ಲಿ ಇದ್ದವು. ಅದೇ ತಿಂಗಳು ಶಾಯ್ ಹುಲುದ್ ಅನ್ನುವ ಹುಳ ಇನ್ನೂ ಮುಂದೆ ಹೋಯಿತು: ಇನ್‌ಸ್ಟಾಲ್ ಆದ ಕೂಡಲೇ ಆ ಕಂಪ್ಯೂಟರ್‌ನಲ್ಲಿರುವ ಟೋಕನ್, ಅಂದರೆ ಖಾತೆಯ ಗುಟ್ಟಿನ ಕೀಲಿ, ಕದ್ದು, ಆ ವ್ಯಕ್ತಿಯ ಬೇರೆ ಪ್ಯಾಕೇಜ್‌ಗಳಿಗೂ ತನ್ನನ್ನೇ ತುಂಬಿ ಪಬ್ಲಿಷ್ ಮಾಡುತ್ತಿತ್ತು.

ಇನ್‌ಸ್ಟಾಲ್ ಆದ ಕೂಡಲೇ ಅಂದೆ. ಪ್ಯಾಕೇಜ್ ಇಳಿದ ಮೇಲೆ ತಾನಾಗಿ ಓಡುವ ಪೋಸ್ಟ್ ಇನ್‌ಸ್ಟಾಲ್ ಸ್ಕ್ರಿಪ್ಟ್‌ಗಳಿವೆ. ಕೆಲವಕ್ಕೆ ಅದು ನಿಜವಾಗಿ ಬೇಕು, ಬಹುಪಾಲಿಗೆ ಬೇಡ. ನೀವು ಒಂದು ಸಾಲೂ ಇಂಪೋರ್ಟ್ ಮಾಡುವ ಮೊದಲೇ ಅಪರಿಚಿತ ಕೋಡ್ ನಿಮ್ಮ ಹೆಸರಲ್ಲಿ ಓಡಿರುತ್ತದೆ. ಎನ್‌ಪಿಎಂನಲ್ಲಿ ಇಗ್ನೋರ್ ಸ್ಕ್ರಿಪ್ಟ್ಸ್ ಆಯ್ಕೆಯಿಂದ ಇದನ್ನು ನಿಲ್ಲಿಸಬಹುದು. ಪಿಎನ್‌ಪಿಎಂ 10, 2025ರ ಶುರುವಿನಿಂದ, ಡಿಪೆಂಡೆನ್ಸಿಗಳ ಇಂಥ ಸ್ಕ್ರಿಪ್ಟ್‌ಗಳನ್ನು ತಾನಾಗಿಯೇ ತಡೆಯುತ್ತದೆ, ಬೇಕಾದವಕ್ಕೆ ನೀವು ಹೆಸರು ಹಿಡಿದು ಒಪ್ಪಿಗೆ ಕೊಡಬೇಕು. ಅದರಲ್ಲಿ ಮಿನಿಮಮ್ ರಿಲೀಸ್ ಏಜ್ ಅಂತ ಒಂದು ಸೆಟ್ಟಿಂಗ್ ಕೂಡ ಇದೆ, ಪಬ್ಲಿಷ್ ಆಗಿ ಇಷ್ಟು ನಿಮಿಷ ಆಗದ ವರ್ಷನ್ ಬೇಡ ಅನ್ನಬಹುದು. ಸೆಪ್ಟೆಂಬರ್‌ನ ಆ ಕೆಟ್ಟ ವರ್ಷನ್‌ಗಳು ಬೇಗ ಸಿಕ್ಕಿಬಿದ್ದವು, ಹಾಗಾಗಿ ಒಂದೆರಡು ದಿನ ಕಾದಿದ್ದರೂ ಬಚಾವ್.

ಪ್ಯಾಕೇಜ್‌ಗಳಲ್ಲಿ ಗೊತ್ತಿರುವ ಸುರಕ್ಷತಾ ದೋಷಗಳನ್ನು ಪಟ್ಟಿ ಮಾಡುವ ಎನ್‌ಪಿಎಂ ಆಡಿಟ್ ಬಗ್ಗೆ ಒಂದು ಮಾತು. ಅದು ಕೆಂಪು ಅಕ್ಷರದಲ್ಲಿ ತೋರಿಸುವುದರಲ್ಲಿ ಎಷ್ಟೋ ನಿಮ್ಮ ಆಪ್‌ಗೆ ಸಂಬಂಧವೇ ಇರುವುದಿಲ್ಲ, ಬಿಲ್ಡ್ ಟೂಲ್‌ನ ಯಾವುದೋ ಮೂಲೆಯಲ್ಲಿರುತ್ತದೆ. ಓದಿ, ತೂಗಿ ನೋಡಿ. ಗಾಬರಿಯಲ್ಲಿ ಆಡಿಟ್ ಫಿಕ್ಸ್‌ಗೆ ಫೋರ್ಸ್ ಸೇರಿಸಿದರೆ ಮಾತ್ರ ಮೊದಲ ಅಂಕಿಯೇ ಬದಲಾದ ವರ್ಷನ್‌ಗಳು ಒಳಗೆ ಬಂದು, ಇಲ್ಲದ ತೊಂದರೆ ತಂದುಕೊಂಡ ಹಾಗಾಗುತ್ತದೆ.

ಅಪ್‌ಡೇಟ್‌ಗೆ ಎನ್‌ಪಿಎಂ ಔಟ್‌ಡೇಟೆಡ್ ಕೊಡಿ. ಈಗ ಇರುವುದು, ನಿಮ್ಮ ಬೇಡಿಕೆಗೆ ಒಪ್ಪುವ ಹೊಸದು, ಒಟ್ಟಾರೆ ಹೊಸದು ಅಂತ ಮೂರು ಕಾಲಂ ಬರುತ್ತವೆ. ಎನ್‌ಪಿಎಂ ಅಪ್‌ಡೇಟ್ ನಡುವಿನದಕ್ಕೆ ಮಾತ್ರ ಒಯ್ಯುತ್ತದೆ, ಬೇಡಿಕೆಯ ಗೆರೆ ದಾಟುವುದಿಲ್ಲ. ಮೊದಲ ಅಂಕಿ ಬದಲಾಗುವ ಅಪ್‌ಡೇಟ್ ಇದ್ದರೆ ಒಂದೊಂದಾಗಿ ಮಾಡಿ, ಪ್ರತಿಯೊಂದಕ್ಕೂ ಟೆಸ್ಟ್ ಓಡಿಸಿ, ಬೇರೆ ಬೇರೆ ಕಮಿಟ್ ಮಾಡಿ. ಹನ್ನೆರಡನ್ನು ಒಟ್ಟಿಗೆ ಏರಿಸಿ ಏನೋ ಮುರಿದರೆ ಯಾವುದರಿಂದ ಅಂತ ಹುಡುಕುವುದು ನಿಜಕ್ಕೂ ಬೇಜಾರಿನ ಕೆಲಸ.

ಅಪ್‌ಡೇಟ್ ಮಾಡುವಾಗಲೇ ಇನ್ನೊಂದು ಕೆಲಸವನ್ನೂ ಮುಗಿಸಬಹುದು, ಬೇಡವಾದದ್ದನ್ನು ತೆಗೆಯುವುದು. ನೋಡ್ 18ರಿಂದ ಇಂಟರ್ನೆಟ್‌ನಿಂದ ಡೇಟಾ ತರುವ ಫೆಚ್ ಒಳಗೇ ಇದೆ, ಟೆಸ್ಟ್ ಓಡಿಸುವ ವ್ಯವಸ್ಥೆ ಇದೆ, ಫೈಲ್ ಬದಲಾದಾಗ ಮತ್ತೆ ಓಡಿಸುವ ವಾಚ್ ಆಯ್ಕೆ ಬಂದಿದೆ, ಆಪ್‌ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಎನ್ವ್ ಫೈಲ್ ಓದುವುದನ್ನೂ ನೋಡ್ 20ರಿಂದ ಸೇರಿಸಿದ್ದಾರೆ. ಇವಕ್ಕೆಲ್ಲ ಮೊದಲು ಬೇರೆ ಬೇರೆ ಪ್ಯಾಕೇಜ್ ಹಾಕುತ್ತಿದ್ದೆವು. ಬಳಸದೆ ಉಳಿದವನ್ನು ಹುಡುಕಿ ಕೊಡಲು ಕ್ನಿಪ್ (knip) ಅನ್ನುವ ಟೂಲ್ ಇದೆ. ಆದರೆ ಕಾನ್‌ಫಿಗ್ ಫೈಲ್‌ನಲ್ಲಿ ಬರೀ ಹೆಸರಿನಿಂದ ಕರೆಸಿಕೊಳ್ಳುವ ಪ್ಲಗಿನ್‌ಗಳನ್ನು ಅದು ಕೆಲವೊಮ್ಮೆ ಬಳಕೆಯಲ್ಲಿಲ್ಲ ಅಂದುಬಿಡಬಹುದು. ಹಾಗಾಗಿ ಪಟ್ಟಿಯಲ್ಲಿ ಬಂದದ್ದನ್ನೆಲ್ಲ ಒಂದೇ ಏಟಿಗೆ ತೆಗೆಯದೆ, ಒಂದೊಂದನ್ನೇ ಅನ್‌ಇನ್‌ಸ್ಟಾಲ್ ಮಾಡಿ, ಬಿಲ್ಡ್ ಓಡಿಸಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ.